ಅತ್ತೆ ಎಂಬ ಸಮೀಕರಣ

ಮಂಗಳವಾರ ಸಂಜೆ ಆರೂವರೆಗೆ ಸೊಸೆ ಅಡುಗೆಮನೆಯಿಂದ "ಅತ್ತೆ" ಎಂದು ಕೂಗಿದಳು. ಇಬ್ಬರು ಬಂದರು.

ಒಬ್ಬರು ಹೊಲಿಗೆ ಯಂತ್ರದ ಮುಂದಿನಿಂದ ಎದ್ದು ಬಂದಿದ್ದರು. ತುಟಿಗಳ ನಡುವೆ ಗುಂಡುಸೂಜಿಗಳಿದ್ದವು. ಇವರು ಗಂಡನ ತಾಯಿ. ಇನ್ನೊಬ್ಬರು ಕಿಟಕಿಯ ಬಳಿಯ ಕುರ್ಚಿಯಿಂದ ಎದ್ದು, ಓದುತ್ತಿದ್ದ ಪತ್ರಿಕೆಯ ಸಾಲಿಗೆ ಬೆರಳಿಟ್ಟುಕೊಂಡೇ ಬಂದಿದ್ದರು. ಇವರು ಮಾವನ ಅಕ್ಕ. ಗಂಡನ ತಾಯಿಯೂ ಅತ್ತೆ, ಮಾವನ ಅಕ್ಕನೂ ಅತ್ತೆ. ಈ ವಿಷಯದಲ್ಲಿ ಭಾಷೆ ಸ್ವಲ್ಪ ಜಿಪುಣ.

"ಗುರುವಾರ ಬೆಳಿಗ್ಗೆ ಅಡುಗೆ ನೀವು ನೋಡ್ಕೋತೀರಾ? ನನಗೆ ಸ್ಕೂಲಲ್ಲಿ ಮಾದರಿ ಪಾಠ ಇದೆ, ಬೇಗ ಹೋಗಬೇಕು," ಎಂದಳು ಸೊಸೆ.

"ಹೂಂ," ಎಂದರು ಗಂಡನ ತಾಯಿ, ಸೂಜಿಗಳ ಸಂದಿಯಿಂದ.

"ಉಹೂಂ," ಎಂದರು ಮಾವನ ಅಕ್ಕ.

ಎರಡೂ ಒಂದೇ ಉಸಿರಿಗೆ ಬಂದವು. ಇದರಲ್ಲಿ ಹೊಸದೇನೂ ಇರಲಿಲ್ಲ. ಗಂಡನ ತಾಯಿ ಮನೆಯಲ್ಲೇ ಕುಳಿತು ಬಟ್ಟೆ ಸರಿಪಡಿಸಿಕೊಡುವವರು. "ನಾಳೆ ಸಂಜೆಗೆ ಸಿಗುತ್ತಾ?" ಎಂದು ಯಾರು ಕೇಳಿದರೂ "ಹೂಂ" ಎನ್ನುತ್ತಿದ್ದರು. ದೊಡ್ಡ ಮಗನ ಪ್ಯಾಂಟಿನ ಕಾಲು ಉದ್ದ ಮಾಡಲು ಕೊಟ್ಟಿದ್ದ ಎದುರುಮನೆಯಾಕೆ, ಅದು ಕೈಗೆ ಬರುವ ಹೊತ್ತಿಗೆ ಚಿಕ್ಕ ಮಗನಿಗೆ ಹಾಕಿಸಬೇಕಾಯಿತು. ಮಾವನ ಅಕ್ಕ ಇಡೀ ಸೇವಾವಧಿಯನ್ನು ರೈಲ್ವೆಯ ಮುಂಗಡ ಟಿಕೆಟ್ ಕೌಂಟರಿನ ಹಿಂದೆ ಕಳೆದವರು. ಗಾಜಿನ ಕಿಂಡಿಯ ಆಚೆ ಯಾರು ಬಂದರೂ ಮೊದಲು "ಉಹೂಂ", ಆಮೇಲೆ ಸೀಟು ಹುಡುಕುವುದು. ಸೀಟು ಸಿಕ್ಕೇ ಸಿಗುತ್ತಿತ್ತು. ಮನೆಯಲ್ಲೂ ಅದೇ ಪದ್ಧತಿ. ಒಟ್ಟಿನಲ್ಲಿ "ಹೂಂ" ಎಂದರೆ ಕೆಲಸ ಆಗುವುದಿಲ್ಲ, "ಉಹೂಂ" ಎಂದರೆ ಆಗುತ್ತದೆ. ಲೆಕ್ಕ ಗೊತ್ತಿದ್ದವರಿಗೆ ತೊಂದರೆ ಇರಲಿಲ್ಲ.

ಕರೆಯುವುದು ಮಾತ್ರ ತೊಂದರೆಯೇ. ದೊಡ್ಡತ್ತೆ, ಚಿಕ್ಕತ್ತೆ ಎಂದು ಕರೆದು ನೋಡಿದ್ದಾಯಿತು. ಮಾವನ ಅಕ್ಕ ವಯಸ್ಸಿನಲ್ಲಿ ದೊಡ್ಡವರು, ಗಂಡನ ತಾಯಿ ಮನೆಯ ಯಜಮಾನಿಕೆಯಲ್ಲಿ ದೊಡ್ಡವರು. "ದೊಡ್ಡತ್ತೆ" ಎಂದರೆ ಇಬ್ಬರೂ ಬರುತ್ತಿದ್ದರು, "ಚಿಕ್ಕತ್ತೆ" ಎಂದರೆ ಯಾರೂ ಬರುತ್ತಿರಲಿಲ್ಲ. ಸೊಸೆ ಬಾಯಲ್ಲಿ "ಅತ್ತೆ" ಎನ್ನುತ್ತಾ ಮನಸ್ಸಿನಲ್ಲಿ ಮಾತ್ರ ಹೂಂ ಅತ್ತೆ, ಉಹೂಂ ಅತ್ತೆ ಎಂದು ಇಟ್ಟುಕೊಂಡಿದ್ದಳು. ನಾವೂ ಹಾಗೇ ಕರೆಯೋಣ.

ಉಹೂಂ ಅತ್ತೆ ಈ ಮನೆಗೆ ಬಂದು ಎರಡು ವರ್ಷ. ಅದಕ್ಕೆ ಮುಂಚೆ ಸ್ವಂತ ಮಗನ ಮನೆಯಲ್ಲಿದ್ದರು. ಅಲ್ಲಿ ಕಿಟಕಿ ತೆಗೆದಿಡಬೇಕೋ ಮುಚ್ಚಿಡಬೇಕೋ ಎಂಬ ಪ್ರಶ್ನೆಯ ಮೇಲೆ ಅವರಿಗೂ ಅವರ ಸೊಸೆಗೂ ಮಾತು ನಿಂತಿತು. ಅವರು ಪೆಟ್ಟಿಗೆ ಹಿಡಿದು ತಮ್ಮನ ಮನೆಗೆ ಬಂದರು. ಇಲ್ಲಿ ಬಂದಮೇಲೆ ಒಂದು ಎಚ್ಚರಿಕೆ ಪಾಲಿಸುತ್ತಿದ್ದರು. ತಮ್ಮನ ಸೊಸೆಯನ್ನು "ನನ್ನ ಸೊಸೆ" ಎಂದದ್ದಿಲ್ಲ. "ನಿನ್ನ ಸೊಸೆ ಕೊಡೆ ಮರೆತು ಹೋದಳು ನೋಡು," ಎಂದು ತಮ್ಮನ ಹೆಂಡತಿಗೆ ಹೇಳುತ್ತಿದ್ದರು.

ಇನ್ನು ಮಾದರಿ ಪಾಠದ ವಿಷಯ. ಸೊಸೆ ಹತ್ತನೆಯ ತರಗತಿಗೆ ಗಣಿತ ಕಲಿಸುತ್ತಿದ್ದಳು. ಕೆಲಸ ತಾತ್ಕಾಲಿಕ. ಈಗ ಒಂದು ಖಾಯಂ ಹುದ್ದೆ ಖಾಲಿಯಾಗಿತ್ತು. ಗುರುವಾರ ಹತ್ತು ಗಂಟೆಗೆ ಹೆಡ್‌ಮಿಸ್ ಮತ್ತು ಹೊರಗಿನಿಂದ ಬರುವ ವಿಷಯ ಪರಿಣತರ ಮುಂದೆ ಪಾಠ ಮಾಡಿ ತೋರಿಸಬೇಕು. ಸಿಕ್ಕರೆ ಖಾಯಂ. ಸಿಗದಿದ್ದರೆ ಮುಂದಿನ ವರ್ಷ ತಾತ್ಕಾಲಿಕವೂ ಇಲ್ಲ ಎಂದು ಹೆಡ್‌ಮಿಸ್ ನೇರವಾಗಿಯೇ ಹೇಳಿದ್ದರು. ಕೊಟ್ಟ ವಿಷಯ: ಒಂದು ಬೀಜಗಣಿತ ಸಮೀಕರಣ ಫಲನವೋ ಅಲ್ಲವೋ ಎಂದು ನಿರ್ಧರಿಸುವುದು. ಫಲನ ಎಂಬುದು ಪುಸ್ತಕದ ಮಾತು. ಮಕ್ಕಳೂ ಟೀಚರೂ ಅನ್ನುವುದು ಫಂಕ್ಷನ್.

"ನಿತ್ಯದ ಬದುಕಿನಿಂದ ಉದಾಹರಣೆ ಕೊಡಿ," ಎಂದಿದ್ದರು ಹೆಡ್‌ಮಿಸ್. "ಆದ್ರೆ ದಯವಿಟ್ಟು ಆ ಕಾಫಿ ಮಷೀನ್ ಬೇಡ. ಗುಂಡಿ ಒತ್ತಿದರೆ ಕಾಫಿ ಬರುತ್ತೆ ಅಂತ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ."

ಸೊಸೆಯ ಬಳಿ ಇದ್ದದ್ದು ಕಾಫಿ ಮಷೀನ್ ಒಂದೇ. ಮಂಗಳವಾರ ಸಂಜೆಯವರೆಗೆ.

"ಅತ್ತೆ, ಒಂದು ನಿಮಿಷ ಇಬ್ಬರೂ ಹಾಗೇ ನಿಂತ್ಕೊಳ್ಳಿ," ಎಂದಳು.

"ಯಾಕೆ, ಜಿರಳೆ ಇದೆಯಾ?" ಎಂದರು ಹೂಂ ಅತ್ತೆ.

ಸೊಸೆ ಹೊಲಿಗೆ ಮೇಜಿನಿಂದ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತಂದು, ಅಡುಗೆಮನೆಯ ಕಪ್ಪು ಕಲ್ಲಿನ ಕಟ್ಟೆಯ ಮೇಲೆ y² = x ಎಂದು ಬರೆದಳು.

"ನೋಡಿ. x ಜಾಗಕ್ಕೆ ನಾಲ್ಕು ಹಾಕಿದೆ ಅಂತಿಟ್ಕೊಳ್ಳಿ. ಯಾವುದನ್ನ ಅದರಿಂದಲೇ ಗುಣಿಸಿದ್ರೆ ನಾಲ್ಕು ಬರುತ್ತೆ? ಎರಡು. ಮೈನಸ್ ಎರಡನ್ನ ಗುಣಿಸಿದ್ರೂ ನಾಲ್ಕೇ. ಒಂದೇ ಪ್ರಶ್ನೆ, ಎರಡು ಉತ್ತರ. ಒಂದಕ್ಕೆ ಒಂದೇ ಉತ್ತರ ಬಂದ್ರೆ ಮಾತ್ರ ಫಂಕ್ಷನ್. ಇದು ಫಂಕ್ಷನ್ ಅಲ್ಲ. ನಾನು 'ಅತ್ತೆ' ಅಂತ ಒಂದು ಸಲ ಕೂಗಿದೆ, ನೀವು ಇಬ್ಬರು ಬಂದ್ರಿ. ಒಬ್ಬರು ಹೂಂ, ಒಬ್ಬರು ಉಹೂಂ. ಪ್ಲಸ್ ಎರಡು, ಮೈನಸ್ ಎರಡು."

"ಮೈನಸ್ ಯಾರು?" ಎಂದರು ಉಹೂಂ ಅತ್ತೆ.

"ಗಾತ್ರ ಒಂದೇ ಅತ್ತೆ, ಚಿಹ್ನೆ ಮಾತ್ರ ಬೇರೆ."

"ಗಾತ್ರದ ಮಾತು ನನ್ನ ಮುಂದೆ ಎತ್ತಬೇಡಮ್ಮ," ಎಂದರು ಹೂಂ ಅತ್ತೆ. ಇತ್ತೀಚೆಗೆ ಅವರು ಇತರರ ಬಟ್ಟೆಗಿಂತ ಮೊದಲು ತಮ್ಮ ಬಟ್ಟೆಗಳನ್ನೇ ಬಿಡಿಸಿ ಹೊಲಿಯುತ್ತಿದ್ದರು. "ಗುರುವಾರ ಫಂಕ್ಷನ್ ಎಷ್ಟೊತ್ತಿಗೆ ಅಂದೆ?"

"ಫಂಕ್ಷನ್ ಪಾಠ ಅತ್ತೆ. ಹತ್ತು ಗಂಟೆಗೆ."

"ಹೂಂ."

ಆ "ಹೂಂ"ನಲ್ಲಿ ಪಾಠ ಎಂಬ ಪದ ಸೇರಿರಲಿಲ್ಲ ಎಂಬುದು ಗುರುವಾರ ಗೊತ್ತಾಯಿತು.

ಮಾವ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸುತ್ತಿದ್ದು ನಿವೃತ್ತರಾದವರು. "ನನಗೆ ಒಬ್ಬಳು ಅಕ್ಕ, ಒಬ್ಬಳು ಇವಳೇ. ನಿನ್ನ ಗಂಡನಿಗೆ ಒಬ್ಬರು ಅಮ್ಮ, ಒಬ್ಬರು ಅತ್ತೆ. ನಮ್ಮಿಬ್ಬರ ಕಡೆಯಿಂದ ಗೊಂದಲವೇ ಇಲ್ಲವಲ್ಲ," ಎಂದರು.

"ಅದೇ ಮಾವ. ಯಾರ ಕಡೆಯಿಂದ ನೋಡ್ತೀವಿ ಅನ್ನೋದೇ ಈ ಪಾಠ."

ಬುಧವಾರ ಅವಳು ಎರಡು ದೊಡ್ಡ ಹಾಳೆಗಳ ಮೇಲೆ ಎರಡು ನಕ್ಷೆ ಬರೆದಳು. ಒಂದು y² = x. ಅದು ಬಲಕ್ಕೆ ಬಾಯಿ ತೆರೆದು ಮಲಗಿದ ಬಟ್ಟಲಿನಂತಿತ್ತು. ಇನ್ನೊಂದು y = x². ಅದೇ ಬಟ್ಟಲು, ನೆಟ್ಟಗೆ ಇಟ್ಟದ್ದು. ಎರಡನ್ನೂ ಸುರುಳಿ ಸುತ್ತಿ, ಮರೆಯಬಾರದೆಂದು ಹೊರಬಾಗಿಲ ಹಿಂದೆ ನಿಲ್ಲಿಸಿದಳು. ಬಾಗಿಲು ತೆರೆದರೆ ಬಾಗಿಲ ಹಿಂದಿನದು ಕಾಣುವುದಿಲ್ಲ. ಗುರುವಾರ ಬೆಳಿಗ್ಗೆ ಬಾಗಿಲು ತೆರೆದು ಹೊರಟಳು.

ಶಾಲೆ ತಲುಪಿದ ಮೇಲೆ ಕೈ ಖಾಲಿ ಎಂದು ತಿಳಿಯಿತು. ಗಂಡ ಬೆಳಗಿನ ಪಾಳಿಗೆ ಬಸ್ ಡಿಪೋಗೆ ಹೋಗಿದ್ದ. ಮನೆಗೆ ಫೋನ್ ಮಾಡಿದಳು. ಮಾವ ಎತ್ತಿದರು.

"ಮಾವ, ಬಾಗಿಲ ಹಿಂದೆ ನಕ್ಷೆ ಇದೆ. ಅತ್ತೆ ಕೈಲಿ ಕೊಟ್ಟು ಕಳಿಸಿ. ಹತ್ತು ಗಂಟೆ ಒಳಗೆ."

"ಯಾವ ಅ—" ಎಂದರು ಮಾವ. ಅಷ್ಟರಲ್ಲಿ ಗಂಟೆ ಹೊಡೆಯಿತು, ಅವಳು ಫೋನ್ ಇಟ್ಟಳು.

ಮುಂದೆ ನಡೆದದ್ದರ ಬಗ್ಗೆ ಮಾವನ ಸಮಜಾಯಿಷಿ ಹೀಗಿದೆ: "ವಿಳಾಸ 'ಅತ್ತೆ' ಅಂತಿತ್ತು. ಆ ವಿಳಾಸದಲ್ಲಿ ಇಬ್ಬರಿದ್ದರು. ಸಾಮಾನೂ ಎರಡಿತ್ತು. ತಲಾ ಒಂದು ಕೊಟ್ಟೆ. ಇದರಲ್ಲಿ ನನ್ನ ತಪ್ಪೇನು?"

ಇಬ್ಬರೂ ಹೊರಟರು. ಹೂಂ ಅತ್ತೆ ಮದುವೆ ಮನೆಗಳಿಗೆಂದು ಎತ್ತಿಟ್ಟಿದ್ದ ಬಟ್ಟೆ ಉಟ್ಟು ಬಸ್ಸು ಹಿಡಿದರು. ಉಹೂಂ ಅತ್ತೆ "ಉಹೂಂ, ನನ್ನ ಕೈಲಾಗಲ್ಲ" ಎಂದು ಹೇಳಿ, ಅಡುಗೆ ಮುಗಿಸಿ ಮುಚ್ಚಿಟ್ಟು, ನಡೆದೇ ಹೋದರು.

ಹತ್ತನೆಯ ತರಗತಿಯ ಕೋಣೆಯ ಹಿಂದಿನ ಬೆಂಚಿನಲ್ಲಿ ಹೆಡ್‌ಮಿಸ್ ಮತ್ತು ಪರಿಣತರು ಕುಳಿತಿದ್ದರು. ಪರಿಣತರು ತೆಳ್ಳಗಿನ ಮನುಷ್ಯ. ಮಕ್ಕಳ ಬೆಂಚು ಅವರ ಮೊಣಕಾಲಿಗೆ ಸಾಲದೆ, ಇಡೀ ಹೊತ್ತು ಪಕ್ಕಕ್ಕೆ ತಿರುಗಿಯೇ ಕುಳಿತಿದ್ದರು. ಸೊಸೆ ಕಪ್ಪುಹಲಗೆಯ ಮೇಲೆ ಕೈಯಲ್ಲೇ ನಕ್ಷೆ ಬರೆಯಲು ತೊಡಗಿದ್ದಳು. ಬಟ್ಟಲು ಆಲೂಗಡ್ಡೆಯಾಗಿತ್ತು.

ಆಗ ಬಾಗಿಲಲ್ಲಿ ಹೂಂ ಅತ್ತೆ ಕಾಣಿಸಿಕೊಂಡರು.

"ಫಂಕ್ಷನ್ ಇಲ್ಲೇನಾ?" ಎಂದು ಕೇಳಿದರು.

"ಹೌದೂ," ಎಂದಿತು ಇಡೀ ತರಗತಿ.

ಪರಿಣತರು ಗಂಟಲು ಸರಿಪಡಿಸಿಕೊಂಡರು. "ಯಾರಮ್ಮ ಇವರು?"

"ನಮ್ಮತ್ತೆ ಸರ್. ನಕ್ಷೆ ತಂದಿದಾರೆ."

ಮಾತು ಮುಗಿಯುವುದರೊಳಗೆ ಹೂಂ ಅತ್ತೆಯ ಬೆನ್ನ ಹಿಂದೆ ಉಹೂಂ ಅತ್ತೆ ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದರು.

"ಇವರು?"

"ಇವರೂ ನಮ್ಮತ್ತೆ ಸರ್. ಇವರೂ ನಕ್ಷೆ ತಂದಿದಾರೆ."

ಪರಿಣತರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಇಬ್ಬರೂ ಇದ್ದರು. ಮಕ್ಕಳು ಬೆಂಚಿಗೆ ತಲೆಯಿಟ್ಟು ನಗುತ್ತಿದ್ದರು. ಹೆಡ್‌ಮಿಸ್ ಮುಖ ಗಂಟಿಕ್ಕಿತ್ತು. ಈ ನಗುವನ್ನು ಪಾಠದೊಳಗೆ ಸೇರಿಸಿಕೊಳ್ಳದಿದ್ದರೆ ಕೆಲಸ ಹೋದಂತೆಯೇ ಎಂದು ಸೊಸೆಗೆ ಅರ್ಥವಾಯಿತು.

"ನಗಿ, ಪರವಾಗಿಲ್ಲ," ಎಂದಳು. "ಆದ್ರೆ ಯಾಕೆ ನಗ್ತಿದೀರಿ ಅಂತ ಹೇಳಿ. 'ಮಿಸ್‌ಗೆ ಅತ್ತೆ ಯಾರು?' ಅಂತ ನಾನು ಕೇಳಿದ್ರೆ, ಬೆರಳು ತೋರಿಸಿ ನೋಡೋಣ."

ಕೆಲವು ಬೆರಳು ಬಾಗಿಲ ಎಡಕ್ಕೆ ಹೋದವು, ಕೆಲವು ಬಲಕ್ಕೆ. ಕೆಲವರು ಎರಡೂ ಕೈ ಎತ್ತಿದರು.

"ಒಂದು ಪ್ರಶ್ನೆ, ಎರಡು ಉತ್ತರ. ಇದು ಫಂಕ್ಷನ್ ಅಲ್ಲ."

"ಅಲ್ವಾ?" ಎಂದರು ಹೂಂ ಅತ್ತೆ, ತಮ್ಮ ಬಟ್ಟೆಯನ್ನೊಮ್ಮೆ ನೋಡಿಕೊಂಡು.

ಗೋಡೆಯಲ್ಲಿ ಮೊಳೆ ಇರಲಿಲ್ಲ. ಇಬ್ಬರು ಅತ್ತೆಯರೂ ನಕ್ಷೆ ಹಿಡಿದು ಕಪ್ಪುಹಲಗೆಯ ಎರಡು ಬದಿಗೆ ನಿಂತರು.

"ಅತ್ತೆ, ಅದನ್ನ ಅಡ್ಡ ಹಿಡಿದಿದೀರಿ. ಆಗ ಉತ್ತರವೇ ಬದಲಾಗುತ್ತೆ," ಎಂದಳು ಸೊಸೆ.

"ಉಹೂಂ," ಎಂದು ಹೇಳುತ್ತಲೇ ಉಹೂಂ ಅತ್ತೆ ಹಾಳೆ ತಿರುಗಿಸಿದರು.

ಸೊಸೆ ಉದ್ದನೆಯ ಸ್ಕೇಲನ್ನು ನೆಟ್ಟಗೆ ಹಿಡಿದು ಅವರ ಕೈಯಲ್ಲಿದ್ದ y² = x ನಕ್ಷೆಯ ಮೇಲೆ ಎಡದಿಂದ ಬಲಕ್ಕೆ ಸರಿಸಿದಳು. x ನಾಲ್ಕರ ಬಳಿ ನಿಲ್ಲಿಸಿದಳು. ಸ್ಕೇಲು ವಕ್ರರೇಖೆಯನ್ನು ಎರಡು ಕಡೆ ಮುಟ್ಟುತ್ತಿತ್ತು: ಮೇಲೆ ಉಹೂಂ ಅತ್ತೆಯ ಗದ್ದದ ಹತ್ತಿರ, ಕೆಳಗೆ ಹೊಟ್ಟೆಯ ಹತ್ತಿರ. "ನೆಟ್ಟಗಿರೋ ಗೆರೆ ಎಲ್ಲಾದರೂ ಒಂದು ಕಡೆ ಎರಡು ಸಲ ಮುಟ್ಟಿದ್ರೂ ಸಾಕು, ಫಂಕ್ಷನ್ ಅಲ್ಲ," ಎಂದಳು. ಆಮೇಲೆ ಹೂಂ ಅತ್ತೆಯ ನಕ್ಷೆಯ ಮೇಲೂ ಸರಿಸಿದಳು. ಎಲ್ಲಿ ನಿಲ್ಲಿಸಿದರೂ ಒಂದೇ ಕಡೆ ಮುಟ್ಟಿತು. "ಇದು ಫಂಕ್ಷನ್."

ಹೂಂ ಅತ್ತೆ ಅತ್ತಿಗೆಯ ಕಡೆ ಓರೆಗಣ್ಣಿಂದ ನೋಡಿದರು.

ಪರಿಣತರು ಕೈ ಎತ್ತಿದರು. ಪ್ರಶ್ನೆಯನ್ನು ಟೀಚರಿಗೆ ಹಾಕಲಿಲ್ಲ, ಮಕ್ಕಳಿಗೆ ಹಾಕಿದರು. "y = x² ತಗೊಳ್ಳಿ. ಎರಡು ಹಾಕಿದ್ರೂ ನಾಲ್ಕು, ಮೈನಸ್ ಎರಡು ಹಾಕಿದ್ರೂ ನಾಲ್ಕು. ಇಲ್ಲೂ ಎರಡಿದೆಯಲ್ಲ? ಹಾಗಾದ್ರೆ ಇದೂ ಫಂಕ್ಷನ್ ಅಲ್ಲ, ಅಲ್ವಾ?"

ಅರ್ಧ ತರಗತಿ "ಹೌದು ಸರ್, ಅಲ್ಲ" ಎಂದಿತು. ಉಳಿದರ್ಧ ಆ ಅರ್ಧದ ಮುಖ ನೋಡಿತು.

ಪ್ರಶ್ನೆ ಹಳೆಯದು. ಇದೇ ಹಳ್ಳಕ್ಕೆ ಪ್ರತಿವರ್ಷ ಮಕ್ಕಳು ಬೀಳುತ್ತಾರೆ. ಎರಡು ಪ್ರಶ್ನೆಗೆ ಒಂದೇ ಉತ್ತರ ಇರಬಹುದು. ಒಂದು ಪ್ರಶ್ನೆಗೆ ಎರಡು ಉತ್ತರ ಇರಬಾರದು. ಸೊಸೆಗೆ ಉದಾಹರಣೆ ಕಣ್ಣೆದುರೇ ನಿಂತಿತ್ತು. ಈ ಕಡೆಯಿಂದ ನೋಡಿದರೆ ಇಬ್ಬರು ಅತ್ತೆಯರು. ಆ ಕಡೆಯಿಂದ ನೋಡಿದರೆ ಒಬ್ಬಳೇ ಸೊಸೆ.

"ಈಗ ತಿರುಗಿಸಿ ಕೇಳೋಣ," ಎಂದಳು, ಧೈರ್ಯ ತಂದುಕೊಂಡು. "ಅತ್ತೆ, ನಿಮ್ಮ ಸೊಸೆ ಯಾರು?"

"ನೀನೇ," ಎಂದರು ಹೂಂ ಅತ್ತೆ.

"ಅತ್ತೆ, ನಿಮ್ಮ ಸೊಸೆ?"

ಉಹೂಂ ಅತ್ತೆ ನಕ್ಷೆಯ ಮೇಲಿನಿಂದ ಸೊಸೆಯನ್ನು ದಿಟ್ಟಿಸಿದರು. ಕೌಂಟರಿನಲ್ಲಿ ಕುಳಿತು ಸೀಟುಗಳ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುವಾಗ ಇದ್ದಿರಬಹುದಾದ ಮುಖ ಅದು. ಸೊಸೆ ಕಾದಳು. "ಉಹೂಂ" ಬಂದರೆ ಪಾಠ ಅಲ್ಲಿಗೇ ನಿಲ್ಲುತ್ತಿತ್ತು.

"ಇಬ್ಬರು," ಎಂದರು ಅವರು.

"ಅತ್ತೆ?"

"ಇಬ್ಬರು ಸೊಸೆಯರು ನನಗೆ. ಒಬ್ಬಳು ಅಲ್ಲಿದಾಳೆ, ನನ್ನ ಮಗನ ಹೆಂಡತಿ. ಒಬ್ಬಳು ಇಲ್ಲಿ, ನೀನು. ಕೇಳಿದ್ಯಲ್ಲ, ಅದಕ್ಕೆ ಹೇಳ್ತಿದೀನಿ."

ಹೂಂ ಅತ್ತೆಯ ಕೈಯಲ್ಲಿದ್ದ ನಕ್ಷೆ ಒಂದು ಗೇಣು ಕೆಳಗಿಳಿಯಿತು. ಕೋಣೆಯಲ್ಲಿ ನಗು ಮತ್ತೆ ಏಳುವುದರಲ್ಲಿತ್ತು. ಅಷ್ಟರಲ್ಲಿ ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಮಿಸ್, ಹಾಗಾದ್ರೆ ಇದೂ ಫಂಕ್ಷನ್ ಅಲ್ಲ. ಒಂದು ಅತ್ತೆಗೆ ಇಬ್ಬರು ಸೊಸೆ ಬಂದ್ರಲ್ಲ. ಆ ಅತ್ತೆಗೂ ಈ ಅತ್ತೆಗೂ ಬರೀ ನೀವೊಬ್ಬರೇ ಆಗಿದ್ದಿದ್ರೆ ಫಂಕ್ಷನ್ನೇ."

"ಸರಿ," ಎಂದಳು ಸೊಸೆ. "ಅವಳು ಹೇಳಿದ್ದು ಸರಿ. ನನ್ನ ಉದಾಹರಣೆ ತಪ್ಪಾಯ್ತು. ನಾನು ಕೇಳದೇ ಒಬ್ಬಳೇ ಅಂದ್ಕೊಂಡಿದ್ದೆ. ಸಮೀಕರಣಕ್ಕೂ ಹೀಗೇ: ಕಂಡ ತಕ್ಷಣ ಹೇಳಬಾರದು, ಬೆಲೆ ಹಾಕಿ ನೋಡಬೇಕು. ಈಗ ಬೇರೆ ಕೇಳ್ತೀನಿ. ನಿಮ್ಮಲ್ಲಿ ಒಬ್ಬೊಬ್ಬರೂ ಹೇಳಿ, ನಿಮಗೆ ಗಣಿತ ಕಲಿಸೋರು ಯಾರು?"

ಎಲ್ಲ ಬೆರಳೂ ಅವಳ ಕಡೆ ತಿರುಗಿದವು.

"ಯಾರಿಗಾದ್ರೂ ಇಬ್ಬರು ಇದಾರಾ?"

"ನಂಗೆ ಮನೇಲಿ ನಮ್ಮಪ್ಪನೂ ಕಲಿಸ್ತಾರೆ ಮಿಸ್," ಎಂದ ಕಿಟಕಿ ಪಕ್ಕದವನು.

"ಏಯ್, ಸ್ಕೂಲಲ್ಲಿ ಅಂತ ಕಣೋ," ಎಂದು ಹಿಂದಿನಿಂದ ಯಾರೋ ಅವನ ಬೆನ್ನಿಗೆ ಗುದ್ದಿದರು.

"ಸ್ಕೂಲಲ್ಲಿ," ಎಂದು ತಿದ್ದಿಕೊಂಡಳು ಸೊಸೆ. "ಕಲಿಯೋರು ಇಷ್ಟು ಜನ, ಪ್ರತಿಯೊಬ್ಬರಿಗೂ ಉತ್ತರ ಒಂದೇ. ಇದು ಫಂಕ್ಷನ್ನಾ?"

"ಹೌದು!"

"ಎರಡಕ್ಕೂ ನಾಲ್ಕು, ಮೈನಸ್ ಎರಡಕ್ಕೂ ನಾಲ್ಕು?"

"ಫಂಕ್ಷನ್ನೇ ಮಿಸ್!" ಈ ಸಲ ಇಡೀ ತರಗತಿ ಒಟ್ಟಿಗೆ ಹೇಳಿತು. ಹೂಂ ಅತ್ತೆಯೂ ದನಿಗೂಡಿಸಿದರು.

ಪರಿಣತರು ಕಪ್ಪುಹಲಗೆಯ ಬಳಿಗೆ ಬಂದು ಇನ್ನೂ ಮೂರು ಸಮೀಕರಣ ಬರೆದರು. 2x + y = 7. ಮಕ್ಕಳು ಹೌದು ಎಂದರು. x² + y² = 25. ಕಿಟಕಿ ಪಕ್ಕದವನು x ಜಾಗಕ್ಕೆ ಮೂರು ಹಾಕಿ, ನಾಲ್ಕು ಮತ್ತು ಮೈನಸ್ ನಾಲ್ಕು ತೆಗೆದು, "ಇಬ್ಬರು ಅತ್ತೆ ಸರ್, ಅಲ್ಲ" ಎಂದ. ಮೂರನೆಯದು x = 5, ಅಷ್ಟೇ. ಅದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಕೊನೆಗೆ ಮೂರನೆಯ ಬೆಂಚಿನ ಹುಡುಗಿಯೇ ಹೇಳಿದಳು: "ಐದಕ್ಕೆ ಯಾವ y ಬೇಕಾದರೂ ಆಗುತ್ತೆ ಸರ್. ಊರಿಗೆಲ್ಲ ಅತ್ತೆ."

ಗಂಟೆ ಹೊಡೆಯಿತು.

ಮೊಗಸಾಲೆಯಲ್ಲಿ ನಕ್ಷೆ ಸುತ್ತುತ್ತಾ ಹೂಂ ಅತ್ತೆ ಅತ್ತಿಗೆಯನ್ನು ಹಿಡಿದುಕೊಂಡರು. "ಎರಡು ವರ್ಷದಿಂದ 'ನಿನ್ನ ಸೊಸೆ, ನಿನ್ನ ಸೊಸೆ' ಅಂತ ನನಗೆ ಚುಚ್ತಿದ್ರಿ. ಇವತ್ತು ಇದ್ದಕ್ಕಿದ್ದ ಹಾಗೆ ಇಬ್ಬರು ಅಂದ್ರಲ್ಲ ಅತ್ತಿಗೆ?"

"ಸುಳ್ಳು ಲೆಕ್ಕ ಕೊಟ್ಟವಳಲ್ಲ ನಾನು," ಎಂದರು ಉಹೂಂ ಅತ್ತೆ. "ಜಗಳ ಆಡಿದ್ರೆ ಸೊಸೆ ಅಲ್ಲ ಅಂತ ಆಗುತ್ತಾ? ಜಗಳ ಆಡದೇ ಇದ್ರೆ ಅಲ್ಲ ಅಂತ ಆಗುತ್ತಾ?"

"ಅದನ್ನ ಇನ್ನೊಂದು ಅರ್ಧ ಗಂಟೆ ಬಿಟ್ಟು ಹೇಳಬಾರದಿತ್ತಾ? ಹುಡುಗಿ ಕೆಲಸದ ಮೇಲೇ ಬಂದುಬಿಡ್ತು."

"ಕೇಳಿದ್ದು ಈಗ."

ಅವರಿಬ್ಬರೂ ಒಂದೇ ಬಸ್ಸಿನಲ್ಲಿ ಮನೆಗೆ ಹೋದರು.

ಹೆಡ್‌ಮಿಸ್ ಕೋಣೆಯಲ್ಲಿ ಪರಿಣತರು ಮೊದಲು ಎರಡು ಲೋಟ ನೀರು ಕುಡಿದರು. ಆಮೇಲೆ ಸೊಸೆಯನ್ನು ಎದುರು ಕೂರಿಸಿಕೊಂಡು, "ನಿಮ್ಮ ಉದಾಹರಣೆ ಕೆಟ್ಟುಹೋಯ್ತು," ಎಂದರು.

"ಹೌದು ಸರ್."

"ಮುಚ್ಚಿಬಿಡಬಹುದಿತ್ತು. 'ನಮ್ಮತ್ತೆ ತಮಾಷೆ ಮಾಡ್ತಿದಾರೆ' ಅಂದಿದ್ರೆ ಮುಗೀತಿತ್ತು."

"ಅವರು ತಮಾಷೆ ಮಾಡಲ್ಲ ಸರ್."

ಹೆಡ್‌ಮಿಸ್ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡರು. ಪರಿಣತರು ನಗಲಿಲ್ಲ. "ನಾನು ಈ ಪಾಠ ನೋಡಿದ ಕಡೆಯೆಲ್ಲ ಮಕ್ಕಳು ಟೀಚರ್ ಹೇಳಿದ್ದನ್ನ ವಾಪಸ್ ಹೇಳ್ತಾರೆ. ಇಲ್ಲಿ ಒಬ್ಬಳು ಟೀಚರ್ ತಪ್ಪನ್ನೇ ಅದೇ ಪರೀಕ್ಷೆಗೆ ಹಾಕಿ ಹಿಡಿದಳು. ಅಂದ್ರೆ ಪಾಠ ಹತ್ತಿದೆ. ಬೋರ್ಡಿನ ಮೇಲಿನ ಆ ಆಲೂಗಡ್ಡೆ ಮಾತ್ರ ಇನ್ನೊಂದ್ಸಲ ಬರೀಬೇಡಿ," ಎಂದರು.

"ಬರೆಯಲ್ಲ ಸರ್."

"ಇನ್ನೊಂದು. ಮುಂದಿನ ಸಲ ಸಾಕ್ಷಿಗಳನ್ನ ಕರೆಸೋ ಮುಂಚೆ ಮನೇಲೇ ಒಂದು ಸಲ ಕೇಳ್ಕೊಂಡು ಬನ್ನಿ."

ಅವರು ಹೊರಟ ಮೇಲೆ ಹೆಡ್‌ಮಿಸ್ ಬಾಗಿಲು ಮುಂದೆ ಮಾಡಿ, ಸೆರಗು ಬಿಟ್ಟು, ಮನಸಾರೆ ನಕ್ಕರು. ಕಣ್ಣೊರೆಸಿಕೊಂಡು, ಹುದ್ದೆ ಅವಳಿಗೇ ಎಂದು ಹೇಳಿದರು.

ಸೋಮವಾರ ಮೊದಲ ಅವಧಿಯಲ್ಲಿ ಅವಳು ಅದೇ ತರಗತಿಗೆ ತ್ರಿಕೋನಮಿತಿ ಆರಂಭಿಸಿದಳು.